ಗಾಡಿಯನ್ನು ಮೆತ್ತಗೆ ಮಾಡಲು ಹೊರಟ ಪಿ.ಟಿ. ಮೇಷ್ಟ್ರು

ಕಳೆದ ತಿಂಗಳು ನಮ್ಮ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ನಾನು ನಿವೃತ್ತಳಾಗಿ ಮನೆಯಲ್ಲಿ ಕೂತವಳು, ನನಗೂ ಹೇಳಿಕಳಿಸಿದ್ದರು. ಗೌರಿಬಿದನೂರಿನಲ್ಲಿ ಬಸ್ಸು ಹತ್ತಿ ಮಂಚೇನಹಳ್ಳಿಗೆ ಹೋದೆ. ಈಗಿನ ಹೆಡ್‌ಮಾಸ್ಟರು ಅವರನ್ನು ಕಂಡವರಲ್ಲ. ಯಾರೋ ಬರೆದುಕೊಟ್ಟದ್ದನ್ನು ಓದುತ್ತಾ, "ಮೃದು ಸ್ವಭಾವದವರು, ಮಿತಭಾಷಿಗಳು" ಎಂದರು. ನನ್ನ ಪಕ್ಕದಲ್ಲಿ ಕೂತಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ಅವನಿಗೂ ಈಗ ತಲೆ ನರೆತಿದೆ, ಕೆಮ್ಮು ಬಂದವನಂತೆ ಮಾಡಿ ನಗು ನುಂಗಿಕೊಂಡ. ನನಗೂ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಬೇಕು, ಒಪ್ಪುತ್ತೇನೆ. ಆದರೆ ಇನ್ಯಾರದೋ ಒಳ್ಳೆಯತನವನ್ನು ತಂದು ಇವರಿಗೆ ಅಂಟಿಸಿದರೆ ಇವರು ಎಲ್ಲಿ ಉಳಿದರು? ಸಭೆಯಲ್ಲಿ ಎದ್ದು ನಿಂತು ಮಾತಾಡಲು ನನ್ನಿಂದಾಗಲಿಲ್ಲ. ಅದಕ್ಕೇ ಮನೆಗೆ ಬಂದು ಬರೆಯುತ್ತಿದ್ದೇನೆ.

ಅವರು ಮೃದುವಾಗಿರಲಿಲ್ಲ. ಗ್ರೌಂಡಿನಲ್ಲಿ ನಿಂತು ಅವರು 'ಅಟೆನ್ಷನ್' ಎಂದು ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದವರೂ ನೆಟ್ಟಗಾಗುತ್ತಾರೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಸ್ಟಾಫ್ ರೂಮಿನಲ್ಲಿ ಅವರು ಗುಟ್ಟಾಗಿ ಹೇಳಿದ್ದು ಪಕ್ಕದ ತರಗತಿಗೆ ಪಾಠದಂತೆ ಕೇಳಿಸುತ್ತಿತ್ತು. ಬಾಗಿಲನ್ನು ತೆಗೆಯುತ್ತಿರಲಿಲ್ಲ, ದೂಡುತ್ತಿದ್ದರು. ಲೋಟವನ್ನು ಇಡುತ್ತಿರಲಿಲ್ಲ, ಕುಕ್ಕುತ್ತಿದ್ದರು. ಕೊರಳಲ್ಲಿ ಬೂಟಿನ ಲೇಸಿಗೆ ಕಟ್ಟಿದ ವಿಶಲ್ ಸದಾ ನೇತಾಡುತ್ತಿತ್ತು. ಮದುವೆ ಮನೆಗೂ ಅದನ್ನು ಹಾಕಿಕೊಂಡೇ ಬರುತ್ತಿದ್ದರು. ಕೊನೆಗೆ ಹೋಗಿದ್ದೂ ಹಾಗೆಯೇ. ಬಸ್ಸನ್ನು ಅಡ್ಡ ನಿಲ್ಲಿಸಿದ್ದ ಡ್ರೈವರೊಬ್ಬನನ್ನು ಜೋರಾಗಿ ಬೈಯುತ್ತಿದ್ದವರು, ಮಾತಿನ ನಡುವೆ ಎದೆ ಹಿಡಿದುಕೊಂಡು ಕೂತರಂತೆ. ಆ ಡ್ರೈವರೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದನಂತೆ.

ಆದರೆ ಒಂದು ವಿಷಯದಲ್ಲಿ ಅವರ ಕೈ ಬೇರೆಯೇ ಆಗಿತ್ತು. ಆಟದಲ್ಲಿ ಮಕ್ಕಳು ಬಿದ್ದು ಅಳತೊಡಗಿದರೆ ಮೊದಲು ಚೆನ್ನಾಗಿ ಬೈಯುತ್ತಿದ್ದರು. ಬೈಯುತ್ತಲೇ ಮಂಡಿಯೂರಿ ಕೂತು, ಬಿದ್ದ ಮಗುವಿನ ಕಾಲಿನ ಮೂಳೆಯ ಉದ್ದಕ್ಕೂ ಬೆರಳು ಒತ್ತುತ್ತಾ ಹೋಗುತ್ತಿದ್ದರು. "ಎಲ್ಲಿ ತಾಕ್ತು? ಇಲ್ಲಿ? ಇಲ್ವಾ? ಇಲ್ಲಿ? ಸುಮ್ನಿರಪ್ಪ, ಅದು ಭಯ. ನೋವು ಎಲ್ಲಿದೆ ಹೇಳು" ಎನ್ನುತ್ತಿದ್ದರು. ಭಯ ಬೇರೆ, ನೋವು ಬೇರೆ ಎಂಬುದು ಅವರ ಶಾಸ್ತ್ರ. ಮಗು ಸರಿಯಾದ ಜಾಗ ತೋರಿಸುವವರೆಗೆ ಬಿಡುತ್ತಿರಲಿಲ್ಲ. ಸಮಾಜ ಪಾಠ ಮಾಡುವ ನನಗೆ ಇದೆಲ್ಲ ಅತಿಯಾಯಿತು ಅನ್ನಿಸುತ್ತಿತ್ತು.

ಅವರ ಗಾಡಿಯೂ ಅವರ ಹಾಗೆಯೇ ಇತ್ತು. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಫೋರ್ ವೀಲ್ ಡ್ರೈವ್ ಟ್ರಕ್ಕು. ಮುಂದೆ ಇಬ್ಬರು ಕೂರುವ ಕ್ಯಾಬಿನ್, ಹಿಂದೆ ಸಾಮಾನು ಹಾಕುವ ತೊಟ್ಟಿ, ಅದರ ಮೇಲೆ ಟಾರ್ಪಾಲು. ಅವರ ತೋಟದ ಮನೆ ಮಂಚೇನಹಳ್ಳಿಯಿಂದಾಚೆ ಬೆಟ್ಟದ ಬುಡದಲ್ಲಿತ್ತು. ಟಾರು ರಸ್ತೆ ಬಿಟ್ಟು ಒಳಗೆ ಹೋಗುವ ಆ ದಾರಿಯನ್ನು ದಾರಿ ಎನ್ನುವುದು ದಾಕ್ಷಿಣ್ಯಕ್ಕೆ. ಉದ್ದಕ್ಕೂ ಗುಂಡು ಕಲ್ಲು, ನಡುವೆ ಒಂದು ಹಳ್ಳ. ಕಾರು, ಆಟೋಗಳು ಆ ಹಳ್ಳದ ಈಚೆಗೇ ಕೈಮುಗಿದು ನಿಲ್ಲುತ್ತಿದ್ದವು. ಈ ಗಾಡಿ ಮಾತ್ರ ಹತ್ತುತ್ತಿತ್ತು, ಇಳಿಯುತ್ತಿತ್ತು. ಆದರೆ ಒಳಗಿದ್ದವರನ್ನು ಕೇರಿದ ಕಾಳಿನಂತೆ ಎತ್ತಿ ಎತ್ತಿ ಹಾಕುತ್ತಿತ್ತು. ಮಳೆ ಬಂದ ಸಂಜೆ ಅವರು "ಬನ್ನಿ ಟೀಚರ್, ಬಿಡ್ತೀನಿ" ಎಂದರೆ ನಾವೆಲ್ಲ ಛತ್ರಿ ಬಿಚ್ಚಿಕೊಂಡು ಬಸ್ಸಿಗೆ ಓಡುತ್ತಿದ್ದೆವು.

ಅವರ ಹೆಂಡತಿ ಮೇಲೂರಿನ ಕಡೆಯವರು, ರೇಷ್ಮೆ ಸಾಕಿದ ಮನೆಯ ಮಗಳು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮಕ್ಕಳಾಗಿರಲಿಲ್ಲ. ತೋಟದಲ್ಲಿ ಹಿಪ್ಪುನೇರಳೆ ಹಾಕಿ ಹುಳ ಸಾಕುತ್ತಿದ್ದರು. ಗೂಡು ತೆಗೆದ ಮೇಲೆ ಗಂಡನನ್ನು ಗಾಡಿಯ ಸಮೇತ ಶಿಡ್ಲಘಟ್ಟದ ಮಾರುಕಟ್ಟೆಗೆ ಅಟ್ಟುತ್ತಿದ್ದರು. ಹುಳದ ಮನೆಯೊಳಕ್ಕೆ ಮಾತ್ರ ಅವರನ್ನು ಬಿಡುತ್ತಿರಲಿಲ್ಲ. "ಇವರು ಬಂದ್ರೆ ಹುಳ ಹೆದರ್ಕೊಂಡು ಗೂಡು ಕಟ್ಟಲ್ಲ ಟೀಚರಮ್ಮ" ಎಂದು ಅವರೆದುರಿಗೇ ಹೇಳುತ್ತಿದ್ದರು. ಮೇಷ್ಟ್ರು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತು, ಇಡೀ ಬೆಟ್ಟಕ್ಕೆ ಕೇಳುವಂತೆ, "ನಾನೇನ್ ಮಾಡಿದ್ನೇ ನಿನ್ ಹುಳಕ್ಕೆ" ಎಂದು ಕೇಳುತ್ತಿದ್ದರು. ಆಗ ಅಕ್ಕ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಆ ನಗು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಅಕ್ಕನಿಗೆ ಕಾಯಿಲೆ ಬಂತು. ಎದೆಯಲ್ಲಿ ಗಂಟಾಗಿ ಶುರುವಾದದ್ದು ಬೆನ್ನುಮೂಳೆಗೆ ಇಳಿದ ಮೇಲೆ ಗೊತ್ತಾಯಿತು. ವಾರಕ್ಕೊಮ್ಮೆ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದು ಡ್ರಿಪ್ ಹಾಕಿಸಬೇಕು. ಡಾಕ್ಟರು ಕರೆದು ಹೇಳಿದ್ದು ಒಂದೇ ಮಾತು: ಮೂಳೆ ಸೀಮೆಸುಣ್ಣದ ಕಡ್ಡಿಯ ಹಾಗಾಗಿದೆ, ಕುಲುಕಾಟ ಆಗದಂತೆ ನೋಡಿಕೊಳ್ಳಿ. ಮೇಷ್ಟ್ರು ಚಿಕ್ಕಬಳ್ಳಾಪುರದಲ್ಲೇ ಒಂದು ಬಾಡಿಗೆ ಮನೆ ಹಿಡಿದರು. ಅಕ್ಕ ಅಲ್ಲಿ ಊಟ ಬಿಟ್ಟರು, ಮಾತು ಬಿಟ್ಟರು. ಹುಳ ಎಲೆ ತಿನ್ನುವ ಸದ್ದು ಕೇಳದೆ ನಿದ್ದೆ ಬರುವುದಿಲ್ಲ ಎಂದರು. ವಾಪಸ್ಸು ತೋಟಕ್ಕೆ ಬಂದರು. ಆಂಬುಲೆನ್ಸು ಹಳ್ಳದ ತನಕ ಬರುತ್ತಿತ್ತು, ದಾಟುತ್ತಿರಲಿಲ್ಲ. ಮಂಚದ ಸಮೇತ ಹೊತ್ತು ದಾಟಿಸೋಣ ಎಂದು ಒಮ್ಮೆ ನಾಲ್ಕು ಜನ ಹೊತ್ತರು. ಒಬ್ಬನ ಕಾಲು ಕಲ್ಲಿನ ಮೇಲೆ ಜಾರಿತು. ಮತ್ತೆ ಆ ಮಾತು ಎತ್ತಲಿಲ್ಲ. ಉಳಿದದ್ದು ಆ ಒರಟು ಗಾಡಿ ಒಂದೇ. ಆ ಗಾಡಿಯಲ್ಲಿ, ಆ ದಾರಿಯಲ್ಲಿ, ಹೆಂಡತಿಯನ್ನು ನೋವಾಗದಂತೆ ಕರೆದುಕೊಂಡು ಹೋಗಿ ಬರುವುದೇ ಅವರ ಇಡೀ ಬದುಕಿನ ಕೆಲಸವಾಯಿತು.

ಒಂದು ದಿನ ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ನಡೆಯುತ್ತಿತ್ತು. ಮೇಷ್ಟ್ರು ತೂಕದ ಮಿಷನ್ನಿನ ಪಕ್ಕ ನಿಂತಿದ್ದವರು, "ಟೀಚರ್, ನೀವೊಂದ್ಸಲ ನಿಂತ್ಕೊಳಿ" ಎಂದರು. ನಾನು ಹುಟ್ಟಾ ಬಡಕಲು. ಗಾಳಿ ಬಂದರೆ ಕಂಬ ಹಿಡಿದುಕೊಳ್ಳಿ ಎಂದು ಎಲ್ಲರೂ ರೇಗಿಸುವವರೇ. ಇದೂ ಅದೇ ತಮಾಷೆ ಅಂದುಕೊಂಡು ನಿಂತೆ. ಅವರು ಮುಳ್ಳು ನೋಡಿ "ಸರಿಹೋಯ್ತು" ಎಂದರು, ನಗಲಿಲ್ಲ. ಸಂಜೆ ಗಾಡಿಯ ಹತ್ತಿರ ಕರೆದರು. ತೊಟ್ಟಿಯಲ್ಲಿ ಹತ್ತಿ ಹಾಸಿಗೆ ಹಾಸಿತ್ತು. "ಇದರ ಮೇಲೆ ಮಲಕ್ಕೊಳಿ. ನಾನು ತೋಟದ ದಾರೀಲಿ ಹೋಗ್ಬರ್ತೀನಿ. ಎಲ್ಲಿ ತಾಕ್ತು ಅಂತ ಹೇಳ್ಬೇಕು" ಎಂದರು. ನನಗೆ ರೇಗಿತು. ಮರ್ಯಾದಸ್ಥ ಹೆಂಗಸು, ನಾಲ್ಕು ಜನ ನೋಡುವಾಗ ಟ್ರಕ್ಕಿನಲ್ಲಿ ಅಂಗಾತ ಮಲಗುವುದೇ? "ನಾನೇ ಯಾಕೆ ಸಾರ್, ಗಂಡಸರು ಯಾರೂ ಇಲ್ವಾ?" ಎಂದೆ. ಅವರು ನೆಲ ನೋಡುತ್ತಾ, "ಅವಳೂ ಈಗ ಇಷ್ಟೇ ಇದಾಳೆ" ಎಂದರು. ಅಕ್ಕ ಒಂದು ಕಾಲಕ್ಕೆ ತುಂಬು ಮೈಯ ಹೆಂಗಸು. ನಾನು ಚಪ್ಪಲಿ ಬಿಟ್ಟು ಗಾಡಿ ಹತ್ತಿದೆ.

ಅಂದಿನಿಂದ ನಾನು ಅವರ ಅಳತೆಯ ಕೋಲಾದೆ. ನನ್ನ ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಸ್ಟಾಫ್ ರೂಮಿನ ಪಿಸುಮಾತು ಅವರ ಕಿವಿಗೂ ಬಿತ್ತು. ಅವರು "ಹೋಗು, ಆದರೆ ಸ್ವೆಟರ್ ಹಾಕ್ಕೊಂಡು ಹೋಗು" ಎಂದಷ್ಟೇ ಹೇಳಿದರು. ಗಾಡಿ ಆ ದಾರಿಯಲ್ಲಿ ಹೋಗಿ ಬಂದು ನಿಂತ ಕೂಡಲೇ ಮೇಷ್ಟ್ರು ಇಳಿದು ಬಂದು ಕೇಳುವರು: "ಎಲ್ಲಿ ತಾಕ್ತು?" ನಾನು "ಹಿಂದೆ" ಎನ್ನುವೆ. "ಹಿಂದೆ ಅಂದ್ರೆ? ಹೆಗಲಾ, ಸೊಂಟನಾ? ಕುಕ್ಕಿದಂಗಾ, ಕುಲುಕಿದಂಗಾ?" ಕುಕ್ಕುವುದಕ್ಕೂ ಕುಲುಕುವುದಕ್ಕೂ ಔಷಧ ಬೇರೆ ಬೇರೆಯಂತೆ. ಅಂಥ ಗಾಡಿಯಲ್ಲಿ ಅಚ್ಚಿನ ಮೇಲೆ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದಿರುತ್ತಾರೆ. ಲಾರಿಯವರ ಬಾಯಲ್ಲಿ ಅದು ಬ್ಲೇಡು. ಹೊರೆ ಬಿದ್ದಾಗ ಅವು ಬಾಗಿ ಕೊಡಬೇಕು. "ಈ ಗಾಡಿ ಬಂಡೆ ಹೊರಕ್ಕೆ ಅಂತ ಮಾಡಿರೋದು ಟೀಚರ್. ನೀವು ಹತ್ತಿದ್ದು ಅದಕ್ಕೆ ಗೊತ್ತೇ ಆಗಲ್ಲ. ಅದಕ್ಕೇ ಬಾಗಲ್ಲ, ಎತ್ತಿ ಹಾಕುತ್ತೆ. ಬ್ಲೇಡ್ ತೆಗಿಸ್ಬೇಕು" ಎಂದರು.

ಬ್ಲೇಡಿನ ಕೆಲಸಕ್ಕೆ ಚಿಂತಾಮಣಿಗೇ ಹೋಗಬೇಕು ಎಂದು ಹಟ ಹಿಡಿದರು. ನನ್ನ ತಂಗಿ ಅಲ್ಲಿರುವುದರಿಂದ ನಾನೂ ಒಂದು ಭಾನುವಾರ ಜೊತೆಗೆ ಹೋದೆ. ಟೊಮ್ಯಾಟೊ ಲಾರಿಗಳು ಸಾಲಾಗಿ ನಿಂತಿದ್ದವು. ಬ್ಲೇಡ್ ಅಂಗಡಿಯ ಸಾಬರು ಗಾಡಿಯ ಕೆಳಗೆ ಬಗ್ಗಿ ನೋಡಿ ಎದ್ದರು. "ಏನ್ ಸಾರ್, ಊರೆಲ್ಲ ಬ್ಲೇಡ್ ಹಾಕ್ಸಕ್ಕೆ ಬರುತ್ತೆ, ನೀವೊಬ್ರು ತೆಗಿಸ್ತೀನಿ ಅಂತೀರ. ಲೋಡ್ ಹೊಡಿಯಲ್ವಾ?" ಎಂದರು. "ಲೋಡ್ ಇಲ್ಲ. ನನ್ ಹೆಂಡ್ತಿಗೆ ಹುಷಾರಿಲ್ಲ" ಎಂದರು ಮೇಷ್ಟ್ರು. ಸಾಬರು ಮುಂದೆ ನಿಂತಿದ್ದ ಲಾರಿಯನ್ನು ಸರಿಸಲು ಹೇಳಿ ನಮ್ಮ ಗಾಡಿಯನ್ನು ಒಳಗೆ ತೆಗೆದುಕೊಂಡರು. ಪ್ರತಿ ಕಡೆಯಿಂದಲೂ ಒಂದೊಂದು ಬ್ಲೇಡು ಇಳಿಸಿ, ಉಳಿದವುಗಳ ನಡುವೆ ತುಕ್ಕು ಉಜ್ಜಿ ಗ್ರೀಸು ಸವರಿ ಬಿಗಿದರು. "ಅಮ್ಮನಿಗೆ ಹೆಂಗನ್ನಿಸ್ತು ಕೇಳ್ಕೊಂಡ್ ಬನ್ನಿ. ಅವರು ಹೇಳಿದಂಗೆ ಇನ್ನೊಂದು ನೋಡಣ" ಎಂದರು. ಅಲ್ಲಿಗೆ ಅಕ್ಕನ ಮಾತೇ ಕೊನೆಯ ಮಾತು ಎಂದು ತೀರ್ಮಾನವಾಯಿತು. ಅದು ತಪ್ಪು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಆಸ್ಪತ್ರೆಯ ದಿನ ನಾನು ರಜೆ ಹಾಕಿ ಅಕ್ಕನ ಜೊತೆ ಹಿಂದೆ ಕೂರುತ್ತಿದ್ದೆ. ಅವರ ತಲೆ ನನ್ನ ತೊಡೆಯ ಮೇಲೆ. ಟಾರು ರಸ್ತೆ ಸಿಕ್ಕ ಮೇಲೆ ಮೇಷ್ಟ್ರು ಗಾಡಿ ನಿಲ್ಲಿಸಿ ಹಿಂದಕ್ಕೆ ಬರುವರು. "ಎಲ್ಲಿ ತಾಕ್ತು ಕಣೇ?" ಅಕ್ಕ ಮನೆಯಲ್ಲಿ ಆಡುವ ತೆಲುಗಿನಲ್ಲಿ "ಬಾಗುಂದಿ" ಎನ್ನುವರು, ಚೆನ್ನಾಗಿದೆ ಅಂತ. "ಹೋದ ಸಲಕ್ಕಿಂತ?" "ಬಾಗುಂದಿ. ಹೋದ ಸಲಕ್ಕಿಂತ ಮೇಲು." ಮೇಷ್ಟ್ರ ಮುಖ ಅರಳುತ್ತಿತ್ತು. ಸ್ಟೀರಿಂಗ್ ಹಿಂದೆ ಕೂತು ಗಟ್ಟಿಯಾಗಿ ಏನೋ ಗುನುಗುತ್ತಾ ಹೋಗುತ್ತಿದ್ದರು. ಅವರ ಮುಖ ಅತ್ತ ತಿರುಗಿದ ಮೇಲೆ ಅಕ್ಕ ನನ್ನ ಕೈ ಬಿಡುತ್ತಿದ್ದರು. ನನ್ನ ಮಣಿಕಟ್ಟಿನಲ್ಲಿ ಅವರ ಬೆರಳುಗಳ ಗುರುತು ಇರುತ್ತಿತ್ತು. ಸೆರಗಿನ ತುದಿ ಹಲ್ಲಿನಡಿ ಸಿಕ್ಕಿ ಒದ್ದೆಯಾಗಿರುತ್ತಿತ್ತು. ಒಮ್ಮೆ ನಾನು ಬಾಯಿ ತೆಗೆಯಹೋದಾಗ, "ಬೇಡ ಟೀಚರಮ್ಮ. ಪಾಪ, ಅಷ್ಟು ಓಡಾಡ್ತಾರೆ. ನಂದು ಹೆಂಗಿದ್ರೂ ಇರೋದೇ" ಎಂದರು. ಗಂಡ ಹೆಂಡಿರ ನಡುವೆ ನಾನು ಯಾರು?

ಹೀಗೆ ಚಿಂತಾಮಣಿಗೆ ಹೋದಾಗಲೆಲ್ಲ ಇನ್ನೊಂದು ಬ್ಲೇಡು ಇಳಿಯಿತು. ತೆಗೆದ ಬ್ಲೇಡುಗಳು ಹುಳದ ಮನೆಯ ಗೋಡೆಗೆ ಒರಗಿ ನಿಂತವು. ಒಂದು ದಿನ ಹಳ್ಳಕ್ಕೆ ಇಳಿಯುವಾಗ ಗಾಡಿಯ ಹಿಂಭಾಗ ಪೂರ್ತಿ ಕುಸಿಯಿತು. ಬಾಗಬೇಕಾದ ಬ್ಲೇಡು ಬಾಗಿ ಮುಗಿದು, ಅಚ್ಚು ಮೇಲೆದ್ದು ಬಂದು ಗಾಡಿಯ ಬೆನ್ನಿಗೇ ಧಡ್ಡನೆ ಬಡಿಯಿತು. ಹಳೆಯ ಬಿಗಿ ಗಾಡಿಯಲ್ಲೂ ಅಂಥ ಏಟು ಬಿದ್ದಿರಲಿಲ್ಲ. ಅಕ್ಕ ಕೂಗಿಕೊಂಡರು. ಆ ಕೂಗನ್ನು ನಾನು ಬರೆಯಲಾರೆ.

ಮೇಷ್ಟ್ರು ಇಳಿದು ಬಂದರು. ಬೂಟಿನ ಸಮೇತ ಹಳ್ಳದ ನೀರಿನಲ್ಲಿ ನಿಂತರು. ಬೈಯಲಿಲ್ಲ, ಕೂಗಲಿಲ್ಲ, ಏನೂ ಕೇಳಲಿಲ್ಲ. ಅಕ್ಕ ಉಸಿರು ಸುಧಾರಿಸಿಕೊಂಡು ಅಲ್ಲಿಂದಲೇ "ಏಮೀ ಲೇದು, ಏನೂ ಆಗಿಲ್ಲ, ನಡೀರಿ" ಎಂದರು. ಆಗ ನನಗೆ ಸಿಟ್ಟು ನೆತ್ತಿಗೇರಿತು. ಹೇಳಿಬಿಟ್ಟೆ. "ಸಾರ್, ಅಕ್ಕ ಶುರುವಿಂದಲೂ ಹೀಗೇ ಹೇಳ್ತಾ ಬಂದಿದಾರೆ. ಒಂದು ದಿನಾನೂ ನೋವು ಇಲ್ದೆ ಈ ದಾರಿ ದಾಟಿಲ್ಲ" ಎಂದೆ. ಅಕ್ಕ ನನ್ನ ಕಡೆ ನೋಡಲಿಲ್ಲ. ಮೇಷ್ಟ್ರು, "ಹಂಗಾದ್ರೆ ಇಷ್ಟು ದಿನ ನಾನು ಏನು ಕೇಳ್ಕೊಂಡು ಬ್ಲೇಡ್ ತೆಗಿಸ್ತಿದ್ದೆ?" ಎಂದರು. ನನ್ನನ್ನು ಕೇಳಿದರೋ, ಅಕ್ಕನನ್ನೋ, ತಿಳಿಯಲಿಲ್ಲ. ಅಕ್ಕನ ಕಣ್ಣಿನಿಂದ ನೀರಿಳಿದು ನನ್ನ ಸೀರೆ ನೆನೆಯಿತು.

ಮುಂದಿನ ವಾರ ಅವರು ಹೊಸದೊಂದು ಪ್ಲಾಸ್ಟಿಕ್ ವಿಶಲ್ ತಂದರು. ಅದನ್ನು ಬಿಸಿನೀರಿನಲ್ಲಿ ತೊಳೆದು ಅಕ್ಕನ ಕೈಗೆ ಕೊಟ್ಟು, "ಇದನ್ನ ತುಟಿ ನಡುವೆ ಇಟ್ಕೋ. ಊದ್ಬೇಡ. ಸುಮ್ನೆ ಇಟ್ಕೊಂಡಿರು" ಎಂದರು. "ಇದೇನ್ರೀ, ಓಟದ ಪಂದ್ಯ ಆಡಿಸ್ತೀನಾ ನಾನು?" ಎಂದರು ಅಕ್ಕ. "ನಿನ್ ಮಾತು ನಂಬಲ್ಲ ಇನ್ಮೇಲೆ" ಎಂದರು ಮೇಷ್ಟ್ರು. ಗಾಡಿ ಹೊರಟಿತು. ಮೊದಲ ಕಲ್ಲು ಹತ್ತಿಳಿದದ್ದೇ ಅಕ್ಕನ ಉಸಿರು ತಾನಾಗಿ ಹೊರಬಿದ್ದು ವಿಶಲ್ 'ಪೀ' ಎಂದಿತು. ಅಕ್ಕನಿಗೇ ಆಶ್ಚರ್ಯವಾಗಿ ನಗು ಬಂತು. ನಗುವಿಗೂ ಅದು ಕೂಗಿತು. ನಾನೂ ನಕ್ಕೆ. ಮುಂದೆ ಮೇಷ್ಟ್ರು ನಗಲಿಲ್ಲ. ಗಾಡಿ ನಿಲ್ಲಿಸಿ ಇಳಿದು, ಗ್ರೌಂಡಿನಲ್ಲಿ ಗೆರೆ ಎಳೆಯುವ ಸುಣ್ಣದ ಪುಡಿಯನ್ನು ಬಕೆಟ್ಟಿನಿಂದ ತೆಗೆದು ಆ ಕಲ್ಲಿನ ಪಕ್ಕ ಒಂದು ಹಿಡಿ ಹಾಕಿದರು. ಮತ್ತೆ ವಿಶಲ್ ಕೂಗಿತು, ಮತ್ತೆ ಇಳಿದರು, ಮತ್ತೆ ಸುಣ್ಣ. ಗಟ್ಟಿ ಕೂಗಿಗೆ ದೊಡ್ಡ ಹಿಡಿ, ಸಣ್ಣ ಕೂಗಿಗೆ ಚಿಟಿಕೆ. ಹಾಗೆ ದಾರಿಯುದ್ದಕ್ಕೂ ಅಕ್ಕನ ನೋವು ಬೆಳ್ಳಗೆ ಬಿದ್ದುಕೊಂಡಿತು. ದನ ಕಾಯುವವರು ಬಂದು, ಏನು ಸರ್ವೆ ನಡೀತಿದೆ ಸಾರ್ ಇಲ್ಲಿ ಎಂದು ವಿಚಾರಿಸುತ್ತಿದ್ದರು.

ಸಂಜೆ ಶಾಲೆ ಬಿಟ್ಟ ಮೇಲೆ ಗುದ್ದಲಿ ಹಿಡಿದು ಸುಣ್ಣ ಬಿದ್ದ ಜಾಗಗಳನ್ನೇ ಹುಡುಕಿ ಕಲ್ಲು ಕೀಳುತ್ತಿದ್ದರು, ಗುಂಡಿ ಮುಚ್ಚುತ್ತಿದ್ದರು. ಮಳೆ ಬಂದು ಒಂದಷ್ಟನ್ನು ತೊಳೆದುಕೊಂಡು ಹೋಗುತ್ತಿತ್ತು, ಮತ್ತೆ ಮುಚ್ಚುತ್ತಿದ್ದರು. ಚಿಂತಾಮಣಿಗೆ ಹೋಗಿ ತೆಗೆಸಿದ್ದರಲ್ಲಿ ಎರಡೂ ಕಡೆಗೆ ಒಂದೊಂದು ಬ್ಲೇಡನ್ನು ವಾಪಸ್ಸು ಹಾಕಿಸಿದರು. ಸಾಬರು ಅವನ್ನು ಕಾಯಿಸಿ, ಬಡಿದು, ಬಾಗು ಸರಿಮಾಡಿ ಕೊಟ್ಟರು. ಬ್ಲೇಡಿನ ತುದಿಯಲ್ಲಿ ಸವೆದಿದ್ದ ಬುಷ್‌ಗಳನ್ನು ಬದಲಾಯಿಸಿದರು. ಗಾಡಿ ತೂಗಾಡದಂತೆ ಹಿಂದಿನ ಚಕ್ರದ ನೇರಕ್ಕೆ ಎರಡೂ ಬದಿ ಮರಳಿನ ಮೂಟೆ ಇಟ್ಟರು. ಒಂದು ಮೂಟೆ ಹೆಚ್ಚಾದರೆ ಹಳ್ಳದಲ್ಲಿ ಬಡಿಯುತ್ತದೆ, ಕಡಿಮೆಯಾದರೆ ಕಲ್ಲಿನ ಮೇಲೆ ಕುಕ್ಕುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿದರು. ಪ್ರತಿಯೊಂದಕ್ಕೂ ಮೊದಲು ನಾನು ಮಲಗಿ ನೋಡಬೇಕು, ಆಮೇಲೆ ಅಕ್ಕ. ವಾರದಿಂದ ವಾರಕ್ಕೆ ವಿಶಲ್ ಕೂಗುವುದು ಕಡಿಮೆಯಾಗುತ್ತಾ ಬಂತು. ಸುಣ್ಣದ ಬಕೆಟ್ಟು ಬೇಗ ಖಾಲಿಯಾಗುವುದು ನಿಂತಿತು. ಅದೇ ಹೊತ್ತಿಗೆ ಅಕ್ಕನೂ ಕರಗುತ್ತಾ ಬಂದರು. ಗಾಡಿಯನ್ನು ಒಂದು ತೂಕಕ್ಕೆ ಸರಿಮಾಡಿ ಮುಗಿಸುವಷ್ಟರಲ್ಲಿ ಅವರು ಆ ತೂಕ ಇರುತ್ತಿರಲಿಲ್ಲ. ನನ್ನ ತೂಕಕ್ಕೂ ಅವರ ತೂಕಕ್ಕೂ ಹೊಂದಾಣಿಕೆ ತಪ್ಪಿದ ಮೇಲೆ ಮೇಷ್ಟ್ರು ನನ್ನನ್ನು ಮಲಗಲು ಕರೆಯುವುದನ್ನು ಬಿಟ್ಟರು.

ಅಕ್ಕ ಹೋದ ಮೇಲಿನದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ತಿಥಿ ಕಳೆದ ಮೇಲೆ ಮೇಷ್ಟ್ರು ಶಾಲೆಗೆ ಬಂದರು. ಗ್ರೌಂಡಿನಲ್ಲಿ ಅದೇ ಕೂಗು, ಅದೇ ಬೈಗುಳ. ಮಕ್ಕಳು ಸದ್ಯ ಸರಿಹೋದರು ಎಂದುಕೊಂಡವು. ಕೆಲವು ದಿನಗಳ ನಂತರ ಒಂದು ಸಂಜೆ ಮಳೆಗೆ ಸಿಕ್ಕಿ ನಾನು ಅವರ ಗಾಡಿಯ ಹಿಂದೆ, ಅಭ್ಯಾಸದಂತೆ, ಹತ್ತಿದೆ. ಕೂತ ಸ್ವಲ್ಪ ಹೊತ್ತಿಗೇ ತಲೆ ಟಾರ್ಪಾಲಿನ ಕಂಬಿಗೆ ಬಡಿಯಿತು. ಮೊದಲಿನ ಹಾಗೇ ಎತ್ತಿ ಎತ್ತಿ ಹಾಕುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇಳಿದು, "ಏನಾಯ್ತು ಸಾರ್ ಗಾಡಿಗೆ?" ಎಂದೆ. "ಎಲ್ಲಾ ಬ್ಲೇಡೂ ವಾಪಸ್ ಹಾಕ್ಸಿದೆ. ಗೊಬ್ಬರ ಹೊಡೀಬೇಕು, ಕಲ್ಲು ಹೊಡೀಬೇಕು" ಎಂದರು. "ಇನ್ನು ಯಾರಿಗೆ ಅಂತ ಮೆತ್ತಗಿಟ್ಕೊಳ್ಳಲಿ ಟೀಚರ್" ಎಂದು ಗೇರು ಹಾಕಿದರು. ಆಮೇಲೆ ನಿವೃತ್ತರಾಗುವವರೆಗೂ, ಆದ ಮೇಲೂ, ಅವರ ಬಾಯಲ್ಲಿ ಆ ವಿಷಯ ಬರಲಿಲ್ಲ. ಸಿಕ್ಕಾಗ ನನ್ನನ್ನು ಇನ್ನಷ್ಟು ಬಡಕಲಾಗಿದ್ದೀರಿ ಎಂದು ಗದರುತ್ತಿದ್ದರು.

ಅವರನ್ನು ನೆನೆಯುವಾಗ ನನಗೆ ಕಾಣುವುದು ಗ್ರೌಂಡೂ ಅಲ್ಲ, ಆ ಒಂಟಿ ವರ್ಷಗಳೂ ಅಲ್ಲ. ಆಸ್ಪತ್ರೆಯಿಂದ ಅಕ್ಕನನ್ನು ಕೊನೆಯ ಸಲ ಕರೆತಂದ ಮಧ್ಯಾಹ್ನ.

ಇನ್ನು ಇಲ್ಲಿ ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಅಕ್ಕನಿಗೂ ಗೊತ್ತಿತ್ತು. ಎಷ್ಟೋ ದಿನದಿಂದ ಅವರು ಕಣ್ಣು ಮುಚ್ಚಿದ್ದಿಲ್ಲ. ನಿದ್ದೆ ಹತ್ತಿದ ಹಾಗಾಗಿ ಮಗ್ಗುಲು ತಿರುಗಿದ ಕೂಡಲೇ ಮೂಳೆ ಎಬ್ಬಿಸುತ್ತಿತ್ತು. ಹೊರಡುವ ಮೊದಲು ಅವರು ಕೇಳಿದ್ದು ಒಂದೇ: "ಒಂದೇ ಒಂದು ನಿದ್ದೆ ಬಂದ್ರೆ ಸಾಕು ಟೀಚರಮ್ಮ, ಇನ್ನೇನೂ ಬೇಡ." ಮೇಷ್ಟ್ರು ಅದನ್ನು ಕೇಳಿಸಿಕೊಂಡರು. ನರ್ಸು ಒಂದು ಇಂಜೆಕ್ಷನ್ ಕೊಟ್ಟಳು. ನಾವು ಅವರನ್ನು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದೆವು. ವಿಶಲ್ ಹಿಡಿಯುವಷ್ಟು ಶಕ್ತಿ ತುಟಿಗೆ ಇರಲಿಲ್ಲ, ಅದನ್ನು ಕೊಡಲೂ ಇಲ್ಲ. ಚಿಕ್ಕಬಳ್ಳಾಪುರ ಬಿಟ್ಟು ಸ್ವಲ್ಪ ದೂರ ಬರುತ್ತಲೇ ನನ್ನ ಕೈ ಹಿಡಿದಿದ್ದ ಅವರ ಬೆರಳುಗಳು ಸಡಿಲವಾದವು. ನಾನು ಗಾಬರಿಯಿಂದ ಮೂಗಿನ ಹತ್ತಿರ ಕೈ ಹಿಡಿದೆ. ಉಸಿರು ನಿಧಾನವಾಗಿ, ಸಮವಾಗಿ ಬರುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಅಕ್ಕ ನಿದ್ದೆ ಹೋಗಿದ್ದರು.

ಟಾರು ಮುಗಿದು ಗಾಡಿ ತೋಟದ ದಾರಿಗೆ ತಿರುಗಿದಾಗ ನಾನು ಉಸಿರು ಬಿಗಿಹಿಡಿದು ಕೂತೆ. ಕಲ್ಲು ಬಂತು; ಗಾಡಿ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯಿತು. ಕೆಳಗೆ ಬ್ಲೇಡುಗಳು ಒಂದರ ಮೇಲೊಂದು ಜಾರುವ ಸಣ್ಣ ಕಿರುಗುಟ್ಟು ಮಾತ್ರ ಕೇಳಿಸಿತು. ಹಳ್ಳ ಬಂತು. ಹಿಂಭಾಗ ತಗ್ಗಿತು, ಬಡಿಯಲಿಲ್ಲ, ಮೆಲ್ಲಗೆ ಎದ್ದಿತು. ಅಕ್ಕನ ತಲೆ ನನ್ನ ತೊಡೆಯ ಮೇಲೆ ತೊಟ್ಟಿಲಲ್ಲಿ ಅಲುಗಿದಷ್ಟೇ ಅಲುಗಿತು. ಅವರಿಗೆ ಎಚ್ಚರವಾಗಲಿಲ್ಲ. ಇಂಜೆಕ್ಷನ್ನಿನ ಗುಣ ಇದ್ದೀತು. ಅದಕ್ಕೆ ಮುಂಚೆಯೂ ಅಂಥ ಇಂಜೆಕ್ಷನ್ ಕೊಟ್ಟಿದ್ದರು, ಆಗ ಹಳ್ಳದಲ್ಲಿ ಅವರಿಗೆ ಎಚ್ಚರವಾಗಿತ್ತು ಎಂಬುದೂ ನಿಜ.

ಮನೆಯ ಅಂಗಳ ಬಂತು. ಮೇಷ್ಟ್ರು ಗಾಡಿಯ ವೇಗ ಇಳಿಸಿ, ಕ್ಯಾಬಿನ್ನಿನ ಹಿಂದಿನ ಸಣ್ಣ ಕಿಟಕಿಯಿಂದ ತಿರುಗಿ ನೋಡಿದರು. ನಾನು ಎರಡು ಕೈ ಜೋಡಿಸಿ ಕೆನ್ನೆಗೆ ಇಟ್ಟು, ಮಲಗಿದ್ದಾರೆ ಎಂದು ತೋರಿಸಿದೆ. ಅವರು ನೋಡುತ್ತಲೇ ಇದ್ದರು. ಗಾಡಿ ನಿಂತರೆ ಅಕ್ಕನನ್ನು ಎತ್ತಬೇಕು, ಎತ್ತಿದರೆ ನೋವಾಗಬೇಕು, ನೋವಾದರೆ ಏಳಬೇಕು. ಅವರು ಗಾಡಿ ನಿಲ್ಲಿಸಲಿಲ್ಲ. ಅಂಗಳದಲ್ಲಿ ಹಾಗೇ ನಿಧಾನವಾಗಿ ತಿ‌ರುಗಿಸಿಕೊಂಡು, ಹಿಪ್ಪುನೇರಳೆ ತೋಟದ ಅಂಚಿಗೆ ಬಂದು, ನಾವು ಬಂದ ದಾರಿಯನ್ನೇ ಮತ್ತೆ ಹಿಡಿದರು. ಕಲ್ಲುಗಳ ಮೇಲೆ, ಹಳ್ಳದೊಳಗೆ, ಟಾರಿನ ತನಕ. ಟಾರಿನ ಹತ್ತಿರ ತಿರುಗಿಸಿ ಮತ್ತೆ ತೋಟದ ಕಡೆಗೆ. ಬಿಸಿಲು ಟಾರ್ಪಾಲಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಿ ಬಂದು ಮಾಡುತ್ತಿತ್ತು. ಅಕ್ಕ ಮಲಗಿಯೇ ಇದ್ದರು.

ಮತ್ತೊಮ್ಮೆ ಅಂಗಳಕ್ಕೆ ಬಂದಾಗ ಮೇಷ್ಟ್ರು ಕಿಟಕಿಗೆ ಬಾಯಿ ತಂದರು. ಜೀವಮಾನವೆಲ್ಲ ಕೂಗಿಯೇ ಮಾತಾಡಿದ ಮನುಷ್ಯ, ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ಟೀಚರ್, ನಿಮಗೆ ಕಾಲು ಜೋಮು ಹಿಡಿದಿಲ್ಲ ಅಂದ್ರೆ, ಇನ್ನೊಂದ್ ಸುತ್ತು ಹೋಗಣ?"

ತೊಡೆ ಮರಗಟ್ಟಿ ಎಷ್ಟೋ ಹೊತ್ತಾಗಿತ್ತು. "ಹೋಗಣ ಸಾರ್" ಎಂದೆ.